ತುಪ್ಪದ ದೀಪ, ಎಣ್ಣೆಯ ದೀಪ

ನಮ್ಮ ಊರಾದ ಮುಳಗುಂದವು ಗದುಗಿನ ನೈಋತ್ಯ ದಿಕ್ಕಿಗೆ, ಎರೆಯ ಹೊಲಗಳ ನಡುವೆ ಇರುವ ಒಂದು ಸಾಧಾರಣವಾದ ಊರು. ಹೊರಗಿನಿಂದ ಬಂದವರ ಕಣ್ಣಿಗೆ ಅದರಲ್ಲಿ ವಿಶೇಷವೇನೂ ತೋರಲಾರದು. ಆದರೆ ಅಕ್ಷರಲೋಕದಲ್ಲಿ ಈ ಊರಿಗೆ ಒಂದು ಹಳೆಯ ಸ್ಥಾನವಿದೆ. 1047ರಲ್ಲಿ ಮಲ್ಲಿಷೇಣನೆಂಬ ವಿದ್ವಾಂಸನು ಸಂಸ್ಕೃತದ ತನ್ನ ಮಹಾಪುರಾಣವನ್ನು ಇಲ್ಲಿಯೇ ಪೂರ್ಣಗೊಳಿಸಿದನು. 1112ರ ಸುಮಾರಿಗೆ ನಯಸೇನನು ಧರ್ಮಾಮೃತವೆಂಬ ಚಂಪೂಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಕನ್ನಡಕ್ಕೆ ಹೊಂದದ ಸಂಸ್ಕೃತವನ್ನು ತಂದು ತುರುಕುವ ಕವಿಗಳನ್ನು ಕುರಿತು ಆ ನಯಸೇನನು, ತುಪ್ಪವನ್ನೂ ಎಣ್ಣೆಯನ್ನೂ ಒಂದರಲ್ಲೊಂದು ಬೆರಸುವದು ಯೋಗ್ಯವೇ ಎಂದು ಕೇಳಿದ ಸಂಗತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದವರು. ಈ ಮಾತನ್ನು ಹೇಳದೆ ಬಿಟ್ಟ ವರ್ಷ ಒಂದೂ ಇಲ್ಲ. ಸಂಸ್ಕೃತದ ಮಾಸ್ತರನೇ ಸಂಸ್ಕೃತದ ಮೇಲಿನ ಆಕ್ಷೇಪವನ್ನು ಹೇಳುವದನ್ನು ಕೇಳಿ ಹುಡುಗರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆದರೆ ಅದೇ ಮಾತನ್ನು ಒಂದು ಸಲ ನಮ್ಮ ಮನೆಯಲ್ಲಿ ನಗದೆ ಪ್ರಯೋಗಿಸಿದೆವು. ಅದರಿಂದಾದ ಹಾನಿಯೇನು, ಅದು ಎಷ್ಟರ ಮಟ್ಟಿಗೆ ತುಂಬಿ ಬಂದಿತು ಎಂಬದೇ ಈ ಲೇಖನದ ವಿಷಯ.

ನಮ್ಮ ಮನೆಯಲ್ಲಿ ಪೇಟಿಯು ತಲೆಮಾರಿನಿಂದ ಬಂದುದು. ಗದುಗಿನ ಸುತ್ತಲಿನ ಹಳ್ಳಿಗಳಲ್ಲಿ ಸಂಗೀತವು ಶ್ರೀಮಂತರ ವಿಲಾಸವಲ್ಲ. ಅದು ಭಜನೆಯ ಗುಡಿಯಲ್ಲಿ, ಮಠದ ಪಡಸಾಲೆಯಲ್ಲಿ, ನಾಟಕದ ತಟ್ಟಿಯಲ್ಲಿ ಬೆಳೆದದ್ದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರನ್ನೂ ಅನಾಥರನ್ನೂ ಕೂಡಿಸಿಕೊಂಡು ಅನ್ನದೊಡನೆ ಸ್ವರವನ್ನಿಕ್ಕಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯುಸಿರಿನ ವರೆಗೆ ಅದೇ ಕಾರ್ಯವನ್ನು ನಡೆಯಿಸಿದರು. ಪುಟ್ಟರಾಜರು ಹಾಡುವದರಲ್ಲಿ ಹೇಗೋ ಹಾಗೆ ಪೇಟಿ, ಪಿಟೀಲು, ಸಾರಂಗಿ, ತಬಲಾ ಮೊದಲಾದ ಅನೇಕ ವಾದ್ಯಗಳಲ್ಲಿಯೂ ಪ್ರವೀಣರಾಗಿದ್ದರು. ನಾವು ಬಾಲ್ಯದಲ್ಲಿ ಅವರ ಪೇಟಿಯನ್ನು ಕೇಳಿದ ದಿನವೇ ನಮ್ಮ ಬೆರಳಿಗೆ ಆ ಹುಚ್ಚು ಹತ್ತಿತು. ನಮ್ಮ ಊರಿನ ಬಾಲಲೀಲಾ ಮಹಾಂತ ಶಿವಯೋಗಿಗಳ ಪದಗಳನ್ನು ಭಜನೆಯಲ್ಲಿ ಹಾಡುವವರಿಗೆ ನಾವು ಪೇಟಿಯ ಸಾಥಿ ಕೊಡುತ್ತ ಬಂದೆವು. ನಮ್ಮ ಒಬ್ಬನೇ ಮಗನಿಗೆ ಅಕ್ಷರಾಭ್ಯಾಸವಾದ ವರ್ಷವೇ ಸರಿಗಮವನ್ನೂ ಆರಂಭಿಸಿದೆವು.

ಹುಡುಗನು ಹನ್ನೊಂದು ವರ್ಷದವನಿದ್ದಾಗ ಅವನ ಮನಸ್ಸು ಪೇಟಿಯನ್ನು ಬಿಟ್ಟು ಸನಾದಿಯ ಕಡೆಗೆ ತಿರುಗಿತು. ಸನಾದಿ ಊದುವವರ ಓಣಿಯಲ್ಲಿ ಒಬ್ಬ ಹಿರಿಯರಿದ್ದರು. ಲಗ್ನಗಳಲ್ಲಿ ಮುಂಜಾನೆ ಸನಾದಿಯನ್ನೂ, ರಾತ್ರಿಯ ಮೆರವಣಿಗೆಯಲ್ಲಿ ಬ್ಯಾಂಡಿನವರ ಸಂಗಡ ಕ್ಲಾರ್ನೆಟ್ಟನ್ನೂ ಊದುವವರು. ನಮ್ಮ ಮಗನು ಅವರನ್ನು ಕಾಕಾ ಎಂದು ಕರೆಯುತ್ತ ದಿನಾಲು ಅವರ ಅಂಗಳಕ್ಕೆ ಹೋಗಹತ್ತಿದನು. ಅದೇ ದಿನಗಳಲ್ಲಿ ಹಿತ್ತಲಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಂಡು, ಪಪ್ಪಾಯಿ ಎಲೆಯ ದೇಟಿನಿಂದ ಅದರಲ್ಲಿ ಗುಳುಗುಳು ಗುಳ್ಳೆ ಎಬ್ಬಿಸುತ್ತ ಕೂಡ್ರುವದು ಅವನ ಆಟವಾಯಿತು. ಓದು ಬಿಟ್ಟು ನೀರಾಟವೇ ಎಂದು ನಾವು ಗದರಿಸಿದೆವು. ಅದು ಆಟವಲ್ಲವೆಂದು ತಿಳಿಯಲು ನಮಗೆ ಇಪ್ಪತ್ತು ವರ್ಷ ಬೇಕಾದವು.

ಒಂದು ಸಂಜೆ ಆ ಹಿರಿಯರು ತಾವಾಗಿಯೇ ನಮ್ಮ ಮನೆಗೆ ಬಂದು, ಹುಡುಗನಿಗೆ ಉಸಿರು ಚೊಲೊ ಅದೆ, ಕಲಿಯಲಿಕ್ಕೆ ಬಿಡಿರಿ ಎಂದು ಕೇಳಿಕೊಂಡರು. ನಾವು ಕಟ್ಟೆಯ ಮೇಲೆ ನಿಂತೇ ಮಾತಾಡಿದೆವು. ಕೂಡ್ರೆಂದು ಹೇಳಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ, ನಮಗಿಂತ ಹದಿನೈದು ವರ್ಷ ದೊಡ್ಡವರಾದ ಅವರನ್ನು ‘ನೀನು’ ಎಂದೇ ಸಂಬೋಧಿಸಿ ಸಾಗಹಾಕಿದೆವು. ಆಮೇಲೆ ಮಗನನ್ನು ಕರೆದು ನಯಸೇನನ ಮಾತನ್ನು ಹೇಳಿದೆವು: ಶಾಸ್ತ್ರೀಯ ಸಂಗೀತವು ತುಪ್ಪ, ಬ್ಯಾಂಡಿನ ಪೀಪಿಯು ಎಣ್ಣೆ, ಎರಡನ್ನೂ ಬೆರಸಿದರೆ ಎರಡೂ ಕೆಡುವವು. ನೋಡಲು ಇದು ಸಂಗೀತದ ಶುದ್ಧಿಯ ವಿಚಾರ. ನಿಜವಾಗಿ ನೋಡಿದರೆ ನಮ್ಮ ಮನಸ್ಸಿನಲ್ಲಿದ್ದದ್ದು ಬೇರೆ. ಮಾಸ್ತರರ ಮಗನು ಲಗ್ನದ ಮೆರವಣಿಗೆಯಲ್ಲಿ ಊದುವವರ ಸಾಲಿನಲ್ಲಿ ನಿಂತರೆ ಜನರು ಏನೆಂದಾರು ಎಂಬ ಅಳುಕು. ನಾಚಿಕೆಗೆ ಶಾಸ್ತ್ರದ ಉಡುಪು ತೊಡಿಸುವದು ಓದಿದವರಿಗೆ ಸುಲಭವಾದ ಕೆಲಸ. ಆ ಕೆಲಸವನ್ನು ನಾವು ಮಾಡಿದೆವು. ಹುಡುಗನು ಎದುರು ಮಾತಾಡಲಿಲ್ಲ. ಆದರೆ ಅಂದಿನಿಂದ ನಮ್ಮ ಪೇಟಿಯ ಮುಂದೆ ಕೂಡ್ರಲೂ ಇಲ್ಲ. ಮುಂದೆ ಬೆಂಗಳೂರಿಗೆ ಓದಲು ಹೋದವನು ಅಲ್ಲಿ ಕ್ಲಾರಿನೆಟ್ ಕಲಿತನೆಂದೂ, ವಿದ್ಯಾರ್ಥಿವೇತನ ದೊರೆತು ಹಾಲೆಂಡ್ ದೇಶಕ್ಕೆ ಸಂಗೀತ ಕಲಿಯಲು ಹೊರಟನೆಂದೂ ನಮ್ಮ ಮನೆಯಾಕೆಯ ಬಾಯಿಂದ ತಿಳಿಯಿತು. ದೂರವಾಣಿಯಲ್ಲಿ ತಂದೆಮಕ್ಕಳ ಮಾತು ಆರೋಗ್ಯ, ಮಳೆ, ಬೆಳೆಗಳಿಗೆ ಮುಗಿಯುತ್ತಿತ್ತು.

ಇಷ್ಟಾದರೂ ನಮಗೆ ಒಂದು ಸಂಗತಿ ಹೊಳೆಯದೆ ಹೋದದ್ದು ವಿಚಿತ್ರ. ನಾವು ತುಪ್ಪವೆಂದು ಪೂಜಿಸುತ್ತಿದ್ದ ಪೇಟಿಯೇ ಪರದೇಶದ್ದು. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಎಂಬವನು 1842ರಲ್ಲಿ ಹಾರ್ಮೋನಿಯಮ್ ಎಂಬ ಹೆಸರಿನಿಂದ ಅದರ ಹಕ್ಕುಪತ್ರವನ್ನು ಪಡೆದನು. ಅದು ಪಾದ್ರಿಗಳ ಪ್ರಾರ್ಥನಾಮಂದಿರಗಳಿಂದ ನಮ್ಮ ನಾಟಕ ಕಂಪನಿಗಳಿಗೆ ಬಂದು, ಗದುಗಿನ ಗರುಡ ಸದಾಶಿವರಾಯರಂಥ ನಟರ ಕಾಲದಲ್ಲಿ ರಂಗದ ಮುಂದಿನ ಕಾಲಪೇಟಿಯಾಗಿ ಮೆರೆಯಿತು. ಅದರ ಸ್ವರಗಳು ಬಾಗಲಾರವು, ನಮ್ಮ ಶ್ರುತಿಗಳನ್ನು ತೋರಿಸಲಾರವು ಎಂಬ ಕಾರಣದಿಂದ 1940ರಿಂದ 1971ರ ವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ಪ್ರವೇಶವೇ ಇರಲಿಲ್ಲ. ಹೀಗೆ ಒಂದು ಕಾಲಕ್ಕೆ ಬಾಗಿಲ ಹೊರಗೆ ನಿಂತ ವಾದ್ಯವನ್ನು ತೊಡೆಯ ಮುಂದಿಟ್ಟುಕೊಂಡು ನಾವು ಇನ್ನೊಂದು ವಾದ್ಯಕ್ಕೆ ಬಾಗಿಲು ಹಾಕಿದೆವು. ಅತ್ತ ರಾಯಚೂರಿನ ನರಸಿಂಹಲು ವಡವಾಟಿಯವರು ಅದೇ ಕ್ಲಾರಿನೆಟ್ಟಿನಲ್ಲಿ ಹಿಂದುಸ್ತಾನಿ ರಾಗಗಳನ್ನು ವಿಸ್ತರಿಸಿ ಹೆಸರಾಗಿದ್ದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ್ದರು. ಸನಾದಿಯ ಬಂಧುವಾದ ಶಹನಾಯಿಯನ್ನು ಊದಿದ ಬಿಸ್ಮಿಲ್ಲಾ ಖಾನರಿಗೆ 2001ರಲ್ಲಿ ಭಾರತರತ್ನವೇ ಸಂದಿತ್ತು. ಇವೆಲ್ಲವೂ ನಮಗೆ ಗೊತ್ತಿದ್ದ ಸಂಗತಿಗಳು. ಗೊತ್ತಿರುವದು ಬೇರೆ, ಕಾಣುವದು ಬೇರೆ.

ಕಳೆದ ಕಾರ್ತಿಕಮಾಸದಲ್ಲಿ ಮಗನು ಇಪ್ಪತ್ತು ದಿನಗಳ ಬಿಡುವು ಮಾಡಿಕೊಂಡು ಊರಿಗೆ ಬಂದನು. ಸಂಗಡ ಒಂದು ಉದ್ದನೆಯ ಕರಿಯ ಪೆಟ್ಟಿಗೆ ಬಂದಿತು. ಅದರೊಳಗಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನಿಲ್ಲಿಸಿದಾಗ ಅದು ಅವನ ಎದೆಯ ವರೆಗೆ ಬಂದಿತು. ಮೇಲೆ ಹಂಸದ ಕೊರಳಿನಂತೆ ಬಾಗಿದ ಬೆಳ್ಳಿಯ ಬಣ್ಣದ ನಳಿಕೆ, ನಡುವೆ ಕರಿಯ ಕಟ್ಟಿಗೆಯ ಒಡಲು, ಕೆಳಗೆ ಮೇಲ್ಮುಖವಾಗಿ ತಿರುಗಿದ ಲೋಹದ ಬಾಯಿ, ನೆಲಕ್ಕೆ ಊರಲು ಒಂದು ಸಣ್ಣ ಕಾಲು. ಇದರ ಹೆಸರು ಬೇಸ್ ಕ್ಲಾರಿನೆಟ್; ಲಗ್ನದ ಬ್ಯಾಂಡಿನ ಕ್ಲಾರ್ನೆಟ್ಟಿಗಿಂತ ಒಂದು ಸಪ್ತಕ ಕೆಳಗೆ ನುಡಿಯುವ ಮಂದ್ರವಾದ್ಯ. ನಾಲ್ಕು ಸಪ್ತಕಗಳ ಸಂಚಾರ ಇದಕ್ಕುಂಟು. ಇದರ ಕಟ್ಟಿಗೆಯು ಆಫ್ರಿಕಾಖಂಡದ್ದಾದರೂ ನಮ್ಮ ಬೀಟೆಮರದ ಕುಲಕ್ಕೆ ಸೇರಿದ್ದು. ತುಟಿಗೆ ಹತ್ತುವ ಪಟ್ಟಿಯು ಸಂಸ್ಕೃತದಲ್ಲಿ ನಳವೆಂದು ಕರೆಯುವ ಜೊಂಡಿನ ಜಾತಿಯದು. ನಮ್ಮ ಹಿರಿಯರು ಬರೆಯಲು ಹೆರೆಯುತ್ತಿದ್ದಂಥ ದಂಟನ್ನೇ ಅಲ್ಲಿಯವರು ತೆಳ್ಳಗೆ ಹೆರೆದು ನುಡಿಸುತ್ತಾರೆ ಎಂದು ತಿಳಿದಾಗ ನಮಗೆ ಆ ವಾದ್ಯದ ಮೇಲೆ ಮೊದಲ ಸಲ ಸ್ವಲ್ಪ ಸಲಿಗೆ ಹುಟ್ಟಿತು.

ಮಗನು ಹೇಳಿದ ಅದರ ಚರಿತ್ರೆಯು ಇನ್ನೂ ಹತ್ತಿರದ್ದೆನಿಸಿತು. ಈ ವಾದ್ಯಕ್ಕೆ ಈಗಿನ ರೂಪದ ಬುನಾದಿ ಹಾಕಿದವನು ಬೆಲ್ಜಿಯಮ್ ದೇಶದ ಅಡಾಲ್ಫ್ ಸಾಕ್ಸ್. 1838ರಲ್ಲಿ ಅವನು ಅದರ ಹಕ್ಕುಪತ್ರ ಪಡೆದನು. ಮುಂದೆ ಸ್ಯಾಕ್ಸೋಫೋನಿಗೆ ತನ್ನ ಹೆಸರನ್ನೇ ಕೊಟ್ಟವನೂ ಅವನೇ. 1836ರಲ್ಲಿ ಮೇಯರ್‌ಬೇರ್ ಎಂಬ ಸಂಗೀತಕಾರನು ತನ್ನ ಗೀತನಾಟಕವೊಂದರಲ್ಲಿ ಇದಕ್ಕೆ ಒಂದು ಪ್ರಸಿದ್ಧವಾದ ಒಂಟಿಮಾತು ಕೊಟ್ಟಿದ್ದನು. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಇದು ದೊಡ್ಡ ವಾದ್ಯಮೇಳದ ಹಿಂದಿನ ಸಾಲಿನಲ್ಲಿ ಕುಳಿತು, ಮುಂದಿನವರ ಸ್ವರಕ್ಕೆ ಬುಡ ಕೊಡುವ ಚಾಕರಿಯನ್ನೇ ಬಹುತರ ಮಾಡಿತು. ಇದಕ್ಕೂ ಪಿಯಾನೋಕ್ಕೂ ಸರಿಸಮವಾಗಿ ಬರೆದ ಕೃತಿಗಳು ಅತಿ ವಿರಳ. ಸ್ವಿಟ್ಜರ್ಲೆಂಡಿನ ಓಟ್ಮಾರ್ ಶೆಕ್ಕನು 1928ರಲ್ಲಿ ಮುಗಿಸಿದ ಸೊನಾಟಾ ಅಂಥದೊಂದು. ಕಡೆಗೆ 1955ರಲ್ಲಿ ಯೋಸೆಫ್ ಹೋರಾಕ್ ಎಂಬ ಝೆಕ್ ವಾದಕನು ಬ್ರನೋ ನಗರದಲ್ಲಿ ಇದೊಂದನ್ನೇ ಮುಖ್ಯವಾಗಿಟ್ಟುಕೊಂಡು ಕಚೇರಿ ಮಾಡಿದನು. 1963ರಲ್ಲಿ ಎಮ್ಮಾ ಕೋವಾರ್ನೋವಾ ಎಂಬ ಪಿಯಾನೋವಾದಕಿಯೊಡನೆ ಜೋಡಿ ಕಟ್ಟಿ ದೇಶದೇಶಗಳಲ್ಲಿ ಸಂಚರಿಸಿದನು. ಹಾಲೆಂಡಿನ ಹ್ಯಾರಿ ಸ್ಪಾರ್ನೇ 1972ರಲ್ಲಿ ಹೊಸ ಸಂಗೀತದ ವಾದಕರ ಒಂದು ದೊಡ್ಡ ಸ್ಪರ್ಧೆಯನ್ನು ಇದೇ ವಾದ್ಯದಿಂದ ಗೆದ್ದನು. ಇಂಥವರಿಗಾಗಿ ಬರೆಯಿಸಿಕೊಂಡ ಕೃತಿಗಳು ನೂರಾರು. ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರಲು ಒಂದು ವಾದ್ಯಕ್ಕೆ ಇಷ್ಟು ಕಾಲ ಹಿಡಿಯಿತು. ಇದನ್ನು ಹೇಳುವಾಗ ಮಗನು ನಮ್ಮ ಮುಖವನ್ನು ನೋಡಲಿಲ್ಲ. ನಾವೂ ಅವನ ಮುಖವನ್ನು ನೋಡಲಿಲ್ಲ.

ಬಂದ ಮೂರನೆಯ ದಿನ ಅವನೊಂದು ಬಿನ್ನಹ ಮಾಡಿದನು. ಎಂಟು ನಿಮಿಷದ ಒಂದು ಕೃತಿಯನ್ನು ತಾನು ಬರೆದಿರುವನೆಂದೂ, ಅದನ್ನು ನಮ್ಮ ಮನೆಯ ಪಡಸಾಲೆಯಲ್ಲಿಯೇ ಮೊದಲು ನುಡಿಸಬೇಕೆಂಬ ಆಸೆ ತನಗಿರುವದೆಂದೂ ಹೇಳಿ, “ಅಪ್ಪಾ, ಪಿಯಾನೋ ನೀವು ಬಾರಿಸ್ರಿ” ಎಂದನು. ನಮಗೆ ಬರುವದು ಪೇಟಿ. ಪಿಯಾನೋವನ್ನು ನಾವು ಮುಟ್ಟಿದವರೂ ಅಲ್ಲ ಎಂದೆವು. “ಬಲಗೈ ಬರತದಲ್ಲ, ಎಡಗೈ ನಾ ಕಲಸ್ತೀನಿ” ಎಂಬುದು ಅವನ ಉತ್ತರ. ಹುಬ್ಬಳ್ಳಿಯಿಂದ ಬಾಡಿಗೆಗೆ ಒಂದು ವಿದ್ಯುತ್ ಪಿಯಾನೋ ಬಂದಿತು. ನಿಜವಾದ ಪಿಯಾನೋದಂತೆ ಎಂಬತ್ತೆಂಟು ಮನೆಗಳು, ಬೆರಳಿಗೆ ಭಾರ ಕೊಡುವಂಥವು.

ಅರವತ್ತನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾಗುವದೆಂದರೇನೆಂಬದು ಆಗ ತಿಳಿಯಿತು. ಪೇಟಿಯಲ್ಲಿ ಬಲಗೈ ಒಡೆಯ, ಎಡಗೈ ಆಳು. ನಲವತ್ತು ವರ್ಷಗಳಿಂದ ನಮ್ಮ ಎಡಗೈ ಗಾಳಿ ಹಾಕುವದರ ಹೊರತು ಬೇರೇನನ್ನೂ ಅರಿಯದು. ಪಿಯಾನೋದ ಎದುರಿಗೆ ಕುಳಿತ ಮೊದಲನೆಯ ದಿನ ಬಲಗೈ ಸ್ವರ ಹಿಡಿದಾಗಲೆಲ್ಲ ಎಡಗೈ ತಾನಾಗಿ ಗಾಳಿಯಲ್ಲಿ ಬಾತೆಯನ್ನು ಹುಡುಕಿ ಅಲ್ಲಾಡುತ್ತಿತ್ತು. ಅದನ್ನು ಕಂಡು ನಮ್ಮ ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇನ್ನೊಂದು ತೊಡಕು: ಪೇಟಿಯ ಸ್ವರವು ಗಾಳಿ ಇರುವ ವರೆಗೆ ನಿಲ್ಲುವದು; ಪಿಯಾನೋದ ಸ್ವರವು ಹುಟ್ಟಿದೊಡನೆಯೇ ಕುಂದತೊಡಗುವದು. ಪೇಟಿಯಲ್ಲಿ ಬೆರಳನ್ನು ಮೆಲ್ಲಗೆ ಇಟ್ಟರೂ ಜೋರಾಗಿ ಇಟ್ಟರೂ ಒಂದೇ. ಇಲ್ಲಿ ಬೆರಳ ಮನಸ್ಸಿನಲ್ಲಿದ್ದುದೆಲ್ಲ ಹೊರಗೆ ಕೇಳಿಸುವದು. ಸಿಟ್ಟನ್ನು ಅಡಗಿಸಿಕೊಂಡು ಬಾರಿಸುತ್ತೇವೆಂದರೆ ಸಾಧ್ಯವಿಲ್ಲ.

ಅವರ ಸ್ವರಲಿಪಿಯ ಐದು ಗೆರೆಗಳು ನಮಗೆ ಬೇಗನೆ ಒಗ್ಗಲಿಲ್ಲ. ಕಡೆಗೆ ನಾವು ಅದನ್ನು ನಮ್ಮ ಛಂದಶ್ಶಾಸ್ತ್ರಕ್ಕೆ ಇಳಿಸಿಕೊಂಡೆವು. ಸ್ವರಗಳ ಮೇಲೆ ಲಘುಗುರುಗಳ ಗುರುತು ಹಾಕಿ ಮಾತ್ರೆಗಳನ್ನು ಎಣಿಸಿದೆವು. ಸ್ವರಗಳಿಗಿಂತ ಕಠಿಣವಾದದ್ದು ಮೌನ. ಈ ಹೊಸ ಬಗೆಯ ಸಂಗೀತದಲ್ಲಿ ಸುಮ್ಮನಿರುವ ಸ್ಥಳಗಳನ್ನೂ ಲೆಕ್ಕ ಮಾಡಿ ಬರೆದಿರುತ್ತಾರೆ: ಇಲ್ಲಿ ಮೂರು ಮಾತ್ರೆ, ಅಲ್ಲಿ ಹದಿನೆಂಟು. ನಮಗೆ ಅದು ಮೊದಲು ಪೋಲುಗಾಲವಾಗಿ ಕಂಡಿತು. ಆಮೇಲೆ ಪಾಣಿನಿಯ ನೆನಪಾಯಿತು. ಶಬ್ದದಲ್ಲಿ ಕಾಣಿಸದೆ ಹೋದ ಅಂಶಕ್ಕೆ ಅವನು ಲೋಪವೆಂದು ಹೆಸರಿಟ್ಟು, ಅದರ ಸ್ಥಾನವನ್ನು ಕಾಯ್ದಿರಿಸಿದ್ದಾನೆ; ಕಾಣದಿದ್ದ ಮಾತ್ರಕ್ಕೆ ಅದರ ಪರಿಣಾಮವು ಹೋಗದು. ಈ ಸೂತ್ರವನ್ನು ಎಷ್ಟೋ ಸಲ ಕಲಿಸಿದ ನಾವು ಅದನ್ನು ಕಲಿತದ್ದು ಈಗ. ತಂದೆಮಕ್ಕಳ ನಡುವೆ ಆಡದೆ ಉಳಿದ ಮಾತುಗಳಿಗೂ ಸ್ಥಾನವಿರುತ್ತದಲ್ಲವೇ?

ಆದರೆ ನಮ್ಮ ದೊಡ್ಡ ದೋಷ ಬೇರೆಯದು. ಪೇಟಿಯ ಸಾಥಿಯವನು ಹಾಡುವವರ ಬೆನ್ನಿಗೆ ನೆರಳಿನಂತೆ ಹೋಗಬೇಕು. ಅವರು ಹಾಡಿದ್ದನ್ನು ಅರೆಗಳಿಗೆ ತಡೆದು ತಾನೂ ನುಡಿಸಬೇಕು. ಆ ಅಭ್ಯಾಸದಿಂದ ಮಗನು ಒಂದು ಸ್ವರ ಹಿಡಿದೊಡನೆ ನಮ್ಮ ಬಲಗೈ ಅದನ್ನು ಹುಡುಕಿಕೊಂಡು ಓಡುತ್ತಿತ್ತು. ಅವನು ವಾದ್ಯವನ್ನು ಬಾಯಿಂದ ತೆಗೆದು, “ನನ್ನ ಬೆನ್ನ ಹತ್ತಬ್ಯಾಡ್ರಿ, ಅಪ್ಪಾ. ನಿಮ್ಮ ಮಾತು ನೀವು ಆಡ್ರಿ, ನಾ ಕೇಳಸ್ಕೋತೀನಿ” ಎಂದನು. ವಾಚಕರೇ, ಮಗನ ಬೆನ್ನು ಹತ್ತುವದು ಅಥವಾ ಅವನನ್ನು ನಮ್ಮ ಬೆನ್ನಿಗೆ ಹಚ್ಚಿಕೊಳ್ಳುವದು, ಈ ಎರಡು ದಾರಿಗಳೇ ನಮಗೆ ಗೊತ್ತಿದ್ದವು. ಸಮೀಪದಲ್ಲಿ ನಿಂತು ತನ್ನ ಮಾತನ್ನು ತಾನು ಆಡುತ್ತ, ಇನ್ನೊಬ್ಬನ ಮಾತನ್ನು ಕೇಳುತ್ತಲೂ ಇರುವ ಮೂರನೆಯ ದಾರಿಯುಂಟೆಂದು ನಮಗೆ ಯಾರೂ ಹೇಳಿರಲಿಲ್ಲ.

ಈ ಎರಡು ವಾದ್ಯಗಳ ಸ್ವಭಾವವೇ ಈ ದಾರಿಗೆ ಒಪ್ಪುವಂಥದು. ಭರತನು ಮಾಡಿದ ವಿಭಾಗದಲ್ಲಿ ಒಂದು ಸುಷಿರ, ಉಸಿರಿನಿಂದ ನುಡಿಯುವದು. ಇನ್ನೊಂದು ತತ, ತಂತಿಯದು, ಆದರೆ ಮೀಟುವದಕ್ಕೆ ಬದಲಾಗಿ ಸುತ್ತಿಗೆಯಿಂದ ಬಡಿಯುವಂಥದು. ಒಂದರ ಸ್ವರವು ಶೂನ್ಯದಿಂದ ಮೆಲ್ಲನೆ ಹುಟ್ಟಿ ಬೆಳೆಯಬಲ್ಲದು. ಇನ್ನೊಂದರ ಸ್ವರವು ಬೆಳೆದೇ ಹುಟ್ಟಿ ಮೆಲ್ಲನೆ ಶೂನ್ಯಕ್ಕೆ ಸೇರುವದು. ಒಂದು ತುಟಿಯ ಬಿಗಿತದಿಂದ ಸ್ವರವನ್ನು ಬಾಗಿಸಬಲ್ಲದು. ಇನ್ನೊಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಕಲ್ಲಿನಂತೆ ನಿಲ್ಲಿಸಿದ್ದು. ಎಷ್ಟು ಯತ್ನಿಸಿದರೂ ಇವು ಹಾಲುನೀರಿನಂತೆ ಕೂಡಿ ಒಂದಾಗಲಾರವು. ಹೊಸ ರಚನಕಾರರು ಈ ಕೂಡದಿರುವಿಕೆಯನ್ನು ದೋಷವೆಂದೆಣಿಸದೆ ಅದನ್ನೇ ಬಂಡವಾಳ ಮಾಡಿಕೊಂಡಿರುವರೆಂದು ಮಗನು ಹೇಳಿದನು. ಬೇಸ್ ಕ್ಲಾರಿನೆಟ್ಟಿನ ಒಂದೇ ಕೊಳವೆಯಿಂದ ಏಕಕಾಲಕ್ಕೆ ಎರಡು ಮೂರು ಸ್ವರಗಳನ್ನು ಹೊರಡಿಸುವರು. ನಾಲಗೆಯಿಂದ ಪಟ್ಟಿಯನ್ನು ಸೆಳೆದುಬಿಟ್ಟು ತಬಲಾದ ಪೆಟ್ಟಿನಂಥ ಸದ್ದು ಮಾಡುವರು. ಊದದೆ ಬರೆ ಗುಂಡಿಗಳನ್ನು ಒತ್ತಿ ಚಟಪಟ ಎನಿಸುವರು. ಒಂದು ಮಾತಾಡಿದರೆ ಇನ್ನೊಂದು ಹೂಂಗುಟ್ಟುವ ಅವಶ್ಯಕತೆಯಿಲ್ಲ.

ಕಚೇರಿಗೆ ಎರಡು ದಿನ ಮೊದಲು ಮಗನು, ಕಾಕಾನನ್ನು ಕರೆಯಬೇಕು ಎಂದನು. ಕರೆಯಲು ಯಾರು ಹೋಗಬೇಕೆಂಬದನ್ನು ಅವನು ಹೇಳಲಿಲ್ಲ. ನಾವೇ ಹೋದೆವು. ಐವತ್ತು ಹೆಜ್ಜೆಯ ಆ ಓಣಿಯಲ್ಲಿ ನಾವು ಹಿಂದೆಂದೂ ಕಾಲಿಟ್ಟಿರಲಿಲ್ಲ. ಆ ಹಿರಿಯರಿಗೆ ಈಗ ಎಪ್ಪತ್ತೈದು ವರ್ಷ. ಹಲ್ಲು ಹೋಗಿ ಸನಾದಿ ಬಿಟ್ಟು ಬಹಳ ದಿನಗಳಾಗಿವೆ. ನಮ್ಮನ್ನು ಕಂಡೊಡನೆ ಎದ್ದು ಕಂಬಳಿ ಹಾಸಿದರು, ಚಹಾ ತರಿಸಿದರು. ನಾವು ಕುಳಿತೆವು, ಕುಡಿದೆವು. ಹಿಂದಿನ ಆ ಸಂಜೆಯನ್ನು ಅವರು ಎತ್ತಲಿಲ್ಲ. ಎತ್ತಿ ಕ್ಷಮೆ ಕೇಳುವಷ್ಟು ಧೈರ್ಯ ನಮಗೂ ಬರಲಿಲ್ಲ. “ನೀವು ಬರಬೇಕು, ಮುಂದಿನ ಸಾಲಿನ್ಯಾಗ ಕೂಡಬೇಕು” ಎಂದಷ್ಟೇ ಹೇಳಿದೆವು. ಆ ‘ನೀವು’ ಎಂಬ ಎರಡಕ್ಷರ ಬಾಯಿಂದ ಹೊರಡುವಾಗ ನಾಲಗೆ ತಡವರಿಸಿತೆಂಬದನ್ನು ಮುಚ್ಚಿಡಲಾರೆವು. ವ್ಯಾಕರಣದಲ್ಲಿ ಬಹುವಚನವನ್ನು ಕಲಿಸುವದು ಸುಲಭ.

ಕಾರ್ತಿಕದ ಆ ಸಂಜೆ ಪಡಸಾಲೆಯಲ್ಲಿ ನಲವತ್ತು ಮಂದಿ ಕೂಡಿದರು. ಹೆಂಗಸರು ದೇವರಕೋಣೆಯ ಬಾಗಿಲಿಗೆ, ಮಕ್ಕಳು ಹೊಸ್ತಿಲಿಗೆ, ಹಿರಿಯರು ಮುಂದಕ್ಕೆ. ಮಗನು ಮೊದಲ ಸ್ವರವನ್ನು ಹಿಡಿದಾಗ ಅದು ಕಿವಿಗಿಂತ ಮೊದಲು ನೆಲದ ಹಾಸುಗಲ್ಲಿಗೆ ತಿಳಿಯಿತು. ಒಬ್ಬ ಅಜ್ಜಿಯು ಬೀಸುವ ಕಲ್ಲು ತಿರುಗಿದ ಹಾಗಾಗುತ್ತದೆ ಎಂದಳು. ಒಬ್ಬ ರೈತರು, ಗದುಗಿನ ಜಿನ್ನಿನ ಭೋಂಗಾ ದೂರದಿಂದ ಕೇಳಿದಂತಾಯಿತು ಎಂದರು. ಗುಂಡಿಗಳ ಚಟಪಟಕ್ಕೆ ಮಕ್ಕಳು ಕಿಸಕ್ಕನೆ ನಕ್ಕರು. ಯಾರೂ ತಲೆದೂಗಲಿಲ್ಲ, ತಲೆದೂಗುವ ಸ್ಥಳ ಯಾವದೆಂಬದು ಯಾರಿಗೂ ಗೊತ್ತಿರಲಿಲ್ಲ. ಆದರೆ ಎದ್ದು ಹೋದವರೂ ಇಲ್ಲ.

ಐದು ನಿಮಿಷಗಳ ವರೆಗೆ ನಮ್ಮ ಎರಡೂ ಕೈಗಳು ಹೇಳಿದ ಮಾತು ಕೇಳಿದವು. ಆಮೇಲೆ ಪಿಯಾನೋಕ್ಕೆ ಇಪ್ಪತ್ತನಾಲ್ಕು ಮಾತ್ರೆಗಳ ಮೌನ. ಮಗನು ಒಂದೇ ಮಂದ್ರಸ್ವರವನ್ನು ಹಿಡಿದು ನಿಂತಿರಬೇಕು. ಮೌನದ ತುದಿಗೆ ನಮ್ಮ ಎಡಗೈ ತಳದ ಸ್ವರವನ್ನು ಇಟ್ಟಾಗ ಅವನು ಇಳಿಯಬೇಕು. ನಾವು ಎಣಿಸುತ್ತಿದ್ದೆವು. ಹನ್ನೊಂದೋ ಹನ್ನೆರಡೋ ಆಗಿರುವಾಗ ಕಣ್ಣೆತ್ತಿ ನೋಡಿದೆವು. ಮುಂದಿನ ಸಾಲಿನಲ್ಲಿ ಕುಳಿತ ಆ ಹಿರಿಯರ ಗಲ್ಲಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಕೈಯಲ್ಲಿ ವಾದ್ಯವಿಲ್ಲದೆ, ಬಾಯಲ್ಲಿ ಹಲ್ಲಿಲ್ಲದೆ ಅವರು ನಮ್ಮ ಮಗನೊಡನೆ ಉಸಿರಾಡುತ್ತಿದ್ದರು. ಗಲ್ಲದಲ್ಲಿ ಕೂಡಿಟ್ಟ ಗಾಳಿಯನ್ನು ಹೊರಗೆ ನೂಕುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಂಡು, ಸ್ವರವನ್ನು ಕಡಿಯದೆ ನಡೆಯಿಸುವ ಆ ಯುಕ್ತಿಯು ಸನಾ��ಿಯವರದು, ಪುಂಗಿಯವರದು. ಹಿತ್ತಲಿನ ತಂಬಿಗೆ, ಪಪ್ಪಾಯಿಯ ದೇಟು, ಕಡಿಯದೆ ಏಳುತ್ತಿದ್ದ ಗುಳ್ಳೆಗಳು ಎಲ್ಲವೂ ಒಮ್ಮೆಲೆ ನೆನಪಾದವು. ನಮ್ಮ ಎಣಿಕೆ ತಪ್ಪಿಹೋಯಿತು.

ನಲವತ್ತು ಜನರ ಎದುರಿಗೆ ಒಬ್ಬ ಮಾಸ್ತರನು ಲೆಕ್ಕ ಮರೆತು ಕುಳಿತನು. ಇಪ್ಪತ್ತನಾಲ್ಕು ಮಾತ್ರೆಗಳು ಕಳೆದದ್ದು ಖಂಡಿತ. ಮಗನು ನಮ್ಮ ಕಡೆಗೆ ತಿರುಗಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಸ್ವರವನ್ನು ಕಡಿಯಲೂ ಇಲ್ಲ. ಅದನ್ನು ಹಾಗೆಯೇ ಹಿಡಿದುಕೊಂಡು ನಿಂತನು. ಇನ್ನಷ್ಟು ಹೊತ್ತಾಯಿತು; ಆ ಸ್ವರವು ಎಲ್ಲಿಯೂ ಬಿರುಕು ಬಿಡಲಿಲ್ಲ. ಬಳಿಕ ಅದನ್ನು ಮೆಲ್ಲನೆ ಒಮ್ಮೆ ಏರಿಸಿ ಇಳಿಸಿದನು, ಕತ್ತಲೆಯಲ್ಲಿ ಬರುವವರಿಗೆ ಬಾಗಿಲಲ್ಲಿ ನಿಂತು ಕಂದೀಲನ್ನು ಎತ್ತಿ ತೋರಿಸುವಂತೆ. ಆಗ ನಮ್ಮ ಎಡಗೈ ತನ್ನ ಸ್ಥಾನವನ್ನು ಕಂಡುಕೊಂಡಿತು. ಕೇಳುವವರಿಗೆ ತಪ್ಪಾದದ್ದೇ ತಿಳಿಯಲಿಲ್ಲ. ನಾವು ಕಲಿಯಬೇಡವೆಂದು ತಡೆದ ಉಸಿರೇ ಆ ದಿನ ನಮ್ಮ ಮಾನವನ್ನು ಕಾಯ್ದಿತು.

ಕೃತಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಹಿರಿಯರೇ ಮೊದಲು, “ಮಾಸ್ತರ್ರ, ಹುಡುಗ ಉಸಿರು ಬಿಟ್ಟಿಲ್ಲ ನೋಡ್ರಿ” ಎಂದರು. ತಾವು ಕಲಿಸಿದ್ದನ್ನು ಕುರಿತು ಅವರು ಹೇಳಿದರೋ, ಬೇರೆ ಏನನ್ನಾದರೂ ಕುರಿತು ಹೇಳಿದರೋ ಅರಿಯೆವು. ನಮಗೆ ಎರಡೂ ಅರ್ಥಗಳು ಸಂದವು. ರಾತ್ರಿ ಊಟಕ್ಕೆ ಅವರು ನಮ್ಮ ಪಂಕ್ತಿಯಲ್ಲಿಯೇ ಕುಳಿತರು. ಬಡಿಸುತ್ತಿದ್ದ ನಮ್ಮ ಮನೆಯಾಕೆ, ಲಗ್ನವಾದಂದಿನಿಂದ ನಾವು ಇಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ತಾನು ಇಂದೇ ಕಂಡೆನೆಂದಳು. ಮಗನು ತಟ್ಟೆಯ ಮೇಲೆ ಬಾಗಿ ನಕ್ಕನು. ಅವನು ಆ ಮನೆಯಲ್ಲಿ ಹಾಗೆ ನಕ್ಕು ಎಷ್ಟೋ ವರ್ಷಗಳಾಗಿದ್ದವು.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತಾಗ, ದಿನಾಲು ನೋಡುವದನ್ನೇ ನಾವು ಹೊಸದಾಗಿ ನೋಡಿದೆವು. ನಮ್ಮ ಹಿರಿಯರ ಪದ್ಧತಿಯಂತೆ ದೇವರ ಬಲಕ್ಕೆ ತುಪ್ಪದ ದೀಪ, ಎಡಕ್ಕೆ ಎಣ್ಣೆಯ ದೀಪ. ಒಂದನ್ನು ಇನ್ನೊಂದರಲ್ಲಿ ಯಾರೂ ಸುರಿಯುವದಿಲ್ಲ. ಹಾಗೆಂದು ಒಂದನ್ನು ಹೊರಗೂ ಹಾಕುವದಿಲ್ಲ. ನಯಸೇನನು ಕೇಳಿದ್ದು ಪಾತ್ರೆಯ ಮಾತು, ಗುಡಿಯ ಮಾತಲ್ಲ. ಹೊಂದದ್ದನ್ನು ತುರುಕಬೇಡಿರೆಂದ ಅವನೇ ತನ್ನ ಕನ್ನಡ ಗ್ರಂಥಕ್ಕೆ ಧರ್ಮಾಮೃತವೆಂಬ ಅಚ್ಚ ಸಂಸ್ಕೃತದ ಹೆಸರನ್ನಿಟ್ಟು ಹೊಂದಿಸಿಕೊಂಡನು. ಒಂಬತ್ತು ನೂರು ವರ್ಷಗಳಿಂದ ಊರಿನಲ್ಲಿಯೇ ಇದ್ದ ಆ ಮಾತನ್ನು ನಾವು ಅರ್ಧ ಓದಿ, ಉಳಿದರ್ಧವನ್ನು ನಮ್ಮ ಅಳುಕಿನಿಂದ ತುಂಬಿಕೊಂಡಿದ್ದೆವು.

ಮಗನು ಈಗ ಮರಳಿ ಹಾಲೆಂಡಿನಲ್ಲಿದ್ದಾನೆ. ಪಿಯಾನೋ ಹುಬ್ಬಳ್ಳಿಗೆ ಹೋಯಿತು. ಅವನು ಕಳಿಸಿದ ಇನ್ನೊಂದು ಕೃತಿಯ ಹಾಳೆಗಳು ನಮ್ಮ ಪೇಟಿಯ ಮೇಲಿವೆ. ಇದರಲ್ಲಿ ಎಡಗೈಗೆ ಕೆಲಸ ಹೆಚ್ಚು. ಸಂಜೆ ಎರಡು ದಿನಕ್ಕೊಮ್ಮೆ ಆ ಹಿರಿಯರು ನಮ್ಮ ಕಟ್ಟೆಗೆ ಬಂದು ಕೂಡ್ರುತ್ತಾರೆ. ನಾವು ಮಾತ್ರೆಗಳನ್ನು ಎಣಿಸುತ್ತೇವೆ. ತಪ್ಪಿದಲ್ಲಿ ಅವರು ಬೆರಳಿನಿಂದ ಕಟ್ಟೆಯ ಕಲ್ಲನ್ನು ತಟ್ಟುತ್ತಾರೆ.